ಗಂಡನ ನೌಕರಿ

“ಹೆಬ್ಬೆಟ್ಟು ಒತ್ತು” ಎಂದು ಅತ್ತೆ ಶೇವಂತಾಬಾಯಿ ಒಂದು ಕಾಗದವನ್ನೂ ಶಾಯಿಯ ಡಬ್ಬಿಯನ್ನೂ ದ್ರೌಪತಿಯ ಮುಂದಕ್ಕೆ ತಳ್ಳಿದಳು.

ದ್ರೌಪತಿಯ ಗಂಡ ದೇವಿಂದ್ರಪ್ಪ ಹುಮನಾಬಾದಿನ ಸರಕಾರಿ ಕಚೇರಿಯೊಂದರಲ್ಲಿ ಜವಾನನಾಗಿದ್ದ. ಕಾಮಾಲೆಯಿಂದ ತೀರಿಕೊಂಡು ಇನ್ನೂ ವರ್ಷ ತುಂಬಿರಲಿಲ್ಲ. ಅವನ ಕೆಲಸವನ್ನು ಮನೆಯವರೊಬ್ಬರಿಗೆ ಕೊಡುತ್ತೇವೆಂದು ಕಚೇರಿಯವರು ಹೇಳಿದ್ದರು. ಮೊದಲ ಹಕ್ಕು ಹೆಂಡತಿಯದು. ಆಕೆ ಬೇಡವೆಂದರೆ ಮೈದುನ ಉತ್ತಮನಿಗೆ. ಮಂಠಾಳದ ಆ ಎರಡು ಖೋಲಿಯ ಮನೆಯಲ್ಲಿ ದ್ರೌಪತಿಯನ್ನು ಕೇಳದೆಯೇ ಎಲ್ಲ ತೀರ್ಮಾನವಾಗಿ, ಆಕೆಗೆ ನೌಕರಿ ಬೇಡವೆಂಬ ಕಾಗದವೂ ತಯಾರಾಗಿಹೋಗಿತ್ತು…

“ಒತ್ತೂದಿಲ್ರಿ ಅತ್ತಿ. ಸಾಲಿ ಏಳನೇತ್ತ ತನಕ ಕಲ್ತೀನಿ, ನನಗ ಸಹಿ ಬರ್ತದ. ಈ ನೌಕರಿ ನಾನೇ ಮಾಡ್ತೀನಿ.”

“ಗಂಡ ಸತ್ತಾಕಿ ನಾಕ ಗಂಡಸರ ಮುಂದ ಚಹಾ ಹಿಡ್ಕೊಂಡು ನಿಂದ್ರತಿ? ನಮ್ಮ ಇಜ್ಜತ್ ಏನಾಗಬೇಕು?”

ದ್ರೌಪತಿಯ ಮೈಯೆಲ್ಲ ಉರಿಯಿತು. ಮದುವೆಯಾಗಿ ಬಂದಾಗಿನಿಂದ ಪಾಟೀಲರ ಹೊಲದಲ್ಲಿ ಕಳೆ ಕಿತ್ತವಳು, ಜೋಳ ಕೊಯ್ದವಳು, ಅವರ ಕೊಟ್ಟಿಗೆ ಬಳಿದವಳು ಆಕೆಯೇ. ಆ ಕೂಲಿ ಎಂದೂ ಆಕೆಯ ಕೈಗೆ ಬಂದಿರಲಿಲ್ಲ. ಅದನ್ನು ಯಾರೂ ದುಡಿಮೆ ಎಂದೂ ಕರೆದಿರಲಿಲ್ಲ.

“ಪಾಟೀಲರ ಹೊಲಕ್ಕ ಕಳಸೂವಾಗ ಈ ಇಜ್ಜತ್ ಎಲ್ಲಿತ್ರಿ? ಅಲ್ಲಿ ಗಂಡಸರು ಇರಲಿಲ್ಲೇನು? ಉತ್ತಮ, ನೀನರೇ ಬಾಯಿ ಬಿಡು.”

ಉತ್ತಮ ತಲೆ ತಗ್ಗಿಸಿ ಕುಳಿತೇ ಇದ್ದ.

“ಹೋಗೂದಿದ್ರ ಹೋಗು. ಹುಡುಗಿ ಮಾತ್ರ ನಮ್ಮ ಮನಿದು” ಎಂದು ಶೇವಂತಾಬಾಯಿ ದ್ರೌಪತಿಯನ್ನು ಹೊರಗೆ ದೂಡಿ, ನಾಲ್ಕು ವರ್ಷದ ಮೊಮ್ಮಗಳು ಕೇಶರಳನ್ನು ಒಳಗೆಳೆದುಕೊಂಡು ಬಾಗಿಲಿಗೆ ಅಗಳಿ ಹಾಕಿದಳು. ಬಾಗಿಲು ಬಡಿದು ಬಡಿದು ದ್ರೌಪತಿಯ ಕೈ ಬಾತುಕೊಂಡಿತು… ಬಾಗಿಲು ತೆರೆಯಲಿಲ್ಲ.

ಆಕೆ ಹುಮನಾಬಾದಿಗೆ ಹೋಗಿ ಗಂಡನ ನೌಕರಿಗೆ ಸೇರಿದಳು. ಕುಲ್ಸುಮ್ ಬೀ ಎಂಬಾಕೆಯ ಮನೆಯಲ್ಲಿ ಬಾಡಿಗೆಗೆ ಒಂದು ಖೋಲಿ ಹಿಡಿದಳು. ಕಚೇರಿಯಲ್ಲಿ ನೀರು ತುಂಬಿದಳು, ಕಾಗದ ಹೊತ್ತಳು, ಗುಮಾಸ್ತರ ಕುಹಕ ನುಂಗಿದಳು. ಭಾನುವಾರ ಬಂದರೆ ಮಂಠಾಳ. ಅದೇ ಮುಚ್ಚಿದ ಬಾಗಿಲು. ಬೇಸಿಗೆಯ ಒಂದು ಭಾನುವಾರ ಆಕೆ ಹೊಸ್ತಿಲ ಮೇಲೆ ಕುಳಿತೇ ಬಿಟ್ಟಳು. ಓಣಿಯ ಜನ ಸೇರಿದರು.

“ನೌಕರಿ ಬಿಡು, ಮಗಳ್ನ ಒಯ್ಯಿ” ಎಂದು ಒಳಗಿನಿಂದಲೇ ಅತ್ತೆ ಕೂಗಿದಳು. “ನೀ ಕಚೇರಿಗೆ ಹೋದರ ಅಕೀನ ಯಾರು ನೋಡ್ತಾರ?”

“ಕುಲ್ಸುಮ್ ಬೀ ನೋಡ್ತಾರ್ರಿ. ನೌಕರೀನೂ ಬಿಡೂದಿಲ್ಲ, ಮಗಳ್ನೂ ಬಿಡೂದಿಲ್ಲ.”

ಆಗ ಅಗಳಿ ತೆಗೆದವನು ಉತ್ತಮ. ತಾಯಿ ಅವನ ಬೆನ್ನಿಗೆ ಗುದ್ದುತ್ತಿದ್ದರೂ ಕೇಶರಳನ್ನು ಎತ್ತಿ ತಂದು ಅತ್ತಿಗೆಯ ಮಡಿಲಲ್ಲಿಟ್ಟ.

“ತಡ ಆಯ್ತು ವೈನಿ” ಎಂದ.

“ಭಾಳ ತಡ ಆಯ್ತು” ಎಂದಳು ದ್ರೌಪತಿ. ಅವನ ಮುಖವನ್ನೂ ನೋಡಲಿಲ್ಲ.

ಬಸ್ಸಿನಲ್ಲಿ ಮಗು ತಾಯಿಯನ್ನು ಪರಚುತ್ತ, “ಆಯಿ ಬೇಕು… ಆಯಿ ಬೇಕು…” ಎಂದು ಅಜ್ಜಿಗಾಗಿ ಅತ್ತಿತು. ಬಸವಕಲ್ಯಾಣ ದಾಟಿದರೂ ಅಳು ನಿಲ್ಲಲಿಲ್ಲ. ಇಷ್ಟು ದಿನ ನುಂಗಿಕೊಂಡಿದ್ದ ಸಿಟ್ಟೆಲ್ಲ ದ್ರೌಪತಿಯ ಕಣ್ಣಿನಿಂದ ಇಳಿಯತೊಡಗಿತು.

“ಅಳು ಕೂಸ. ನಾನೂ ಅಳ್ತೀನಿ” ಎಂದಳು. ಮಗಳನ್ನು ಇನ್ನೂ ಬಿಗಿಯಾಗಿ ಅಪ್ಪಿಕೊಂಡಳು. ಬೆಳಗಾದರೆ ಸೋಮವಾರ, ಎಲ್ಲರಿಗಿಂತ ಮೊದಲು ಹೋಗಿ ಕಚೇರಿಯ ಬಾಗಿಲು ತೆರೆಯಬೇಕಾದವಳು ಆಕೆಯೇ.