ಬಿಸಿಯಾಗದ ಓಲೆ

೨೦೬೧ರ ಬೇಸಿಗೆ. ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ಒಬ್ಬರು ಸೀನಿದರೆ ಮೂರು ಜಿಲ್ಲೆಗಳು 'ಚಿರಂಜೀವಿ' ಅನ್ನುತ್ತಿದ್ದವು. ಅಂಥ ಘಾಟಿನ ನಡುವೆ ಫಕೀರವ್ವನ ಕಿವಿಯ ಓಲೆ ಚುರ್ ಎಂದಿತು. ಫೋನಿನಲ್ಲಿ ಯಾವನೋ ಅವಳಿಗೆ ಲಾಟರಿ ಹೊಡೆದಿದೆ ಎನ್ನುತ್ತಿದ್ದ.

"ಭಾಡ್ಯಾ, ನಿನ್ನ ಬಾಯಾಗ ಒಂದ್ ಚೀಲ ಮೆಣಸಿನಕಾಯಿ ತುರುಕತೀನಿ!"

ಜೊತೆಗಿದ್ದ ಹನ್ನೊಂದು ಹೆಂಗಸರು ನಕ್ಕ ನಗೆಗೆ ತಗಡಿನ ಮಾಡು ಗೇಣುದ್ದ ಮೇಲೆದ್ದು ಕುಳಿತಿತು.

ಆ ಓಲೆ ಧಾರವಾಡದ ಡಾ. ಸುಮಿತ್ರಾ ಕಡಕೋಳರ ಆವಿಷ್ಕಾರ. ಸುಳ್ಳಾಡುವಾಗ ಗಂಟಲಿನ ಸ್ನಾಯು ಬಿಗಿದು, ಕಿವಿಗೆ ಕೇಳಿಸದಷ್ಟು ಸಣ್ಣ ನಡುಕ ದನಿಗೆ ಸೇರುತ್ತದೆ. ಕೇಳುವವರ ಓಲೆ ಅದನ್ನು ಹಿಡಿದು ಬಿಸಿಯಾಗುತ್ತದೆ. ಯಂತ್ರದ ದನಿಯಾದರೆ ಇನ್ನೂ ಬಿಸಿ. ಓಲೆ ಬಂದ ವರ್ಷವೇ ಎಷ್ಟೋ ವಂಚಕರು ಹೊಟ್ಟೆಪಾಡಿಗೆ ಹರಿಕಥೆ ಕಲಿತರು, ವಕೀಲರು ಮೌನವ್ರತ ಹಿಡಿದರು. ಎಲ್ಲರ ಕಿವಿಯಲ್ಲೂ ಅದೇ ಓಲೆ.

ಫಕೀರವ್ವ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಗುಂಪಿನ ಮುಖಂಡೆ. ಪೇಟೆಯ ರೂಢಿಯಂತೆ ಹನ್ನೆರಡು ಜನರ ಹಂಗಾಮಿನ ಕೂಲಿ ಅವಳೊಬ್ಬಳ ಫೋನಿಗೇ ಬರುತ್ತಿತ್ತು. ಯುಗಾದಿಯ ಹಿಂದಿನ ದಿನ ಹಂಚಿಕೆ. ಆ ದಿನ ಮುಂಜಾನೆ ಒಬ್ಬ ಹುಡುಗಿಯ ಕರೆ ಬಂತು.

"ಅವ್ವಾರ, ಬ್ಯಾಂಕಿನಿಂದ್ರಿ. ನಿಮ್ಮ ಗುಂಪಿನ ಬೋನಸ್ ನಡುವ ಸಿಕ್ಕೊಂಡೈತಿ. ಲಿಂಕ್ ಒತ್ತಿ ಪಿನ್ ಹಾಕ್ರಿ, ರೊಕ್ಕ ಬರತೈತಿ."

ಓಲೆ ಮಜ್ಜಿಗೆಯ ಗಡಿಗೆಯಷ್ಟು ತಣ್ಣಗಿತ್ತು. ಫಕೀರವ್ವ ಪಿನ್ ಒತ್ತಿದಳು. ಒಂದು ತೊಟ್ಟು ಮುರಿಯುವಷ್ಟರಲ್ಲಿ ಮೂರು ತಿಂಗಳ ಉರಿಗೈಗಳ ಕೂಲಿ ಮಾಯವಾಯಿತು.

ಅವಳ ಗೋಳು ಧಾರವಾಡದವರೆಗೆ ಕೇಳಿಸಿರಬೇಕು, ಡಾಕ್ಟರೇ ಓಡಿಬಂದರು. ಅಷ್ಟರಲ್ಲಿ ಪೊಲೀಸರಿಗೆ ಆ ಹುಡುಗಿ ಸಿಕ್ಕಿದ್ದಳು, ಹಣ ಸಿಕ್ಕಿರಲಿಲ್ಲ.

"ಅಕಿ ಸುಳ್ಳು ಹೇಳಿಲ್ಲವ್ವಾ," ಎಂದರು ಡಾಕ್ಟರು. "ಕಳ್ಳರು ಅಕಿಗೆ ಬ್ಯಾಂಕಿನ ನೌಕರಿ ಅಂತ ನಂಬಿಸಿ ಕೂಡ್ರಿಸಿದ್ರು. ನಂಬಿ ಮಾತಾಡಾವರ ದನಿ ನಡುಗೂದಿಲ್ಲ. ನಾ ಅದನ್ನ ಯೋಚನಿ ಮಾಡಿದ್ದಿಲ್ಲ... ಆದ್ರ ಪಿನ್ ಬೇಕಾಗೂದು ರೊಕ್ಕ ಕಳಸಾಕ ಅಷ್ಟ. ಬರಾಕ ಬ್ಯಾಡ. ಗೊತ್ತಿರಲಿಲ್ಲೇನು?"

"ಗೊತ್ತಿತ್ರಿ. ಒತ್ತೂ ಮುಂದ ಎದಿ ಬ್ಯಾಡಂತು. ಓಲಿ ಸುಮ್ಮನಿತ್ತು. ಎದಿ ಮಾತು ಬಿಟ್ಟೆ."

ಗುಂಪಿನ ದ್ಯಾಮವ್ವ ಕೇಳಿದಳು: "ಖರೇನ ಹೋತೇನ, ಫಕೀರಿ? ನೀ ಇಟ್ಕೊಂಡಿಲ್ಲಲ್ಲ?"

"ಇಲ್ಲ ನನ ತಾಯಿ. ಒಂದು ಪೈಸಾ ಮುಟ್ಟಿಲ್ಲ."

ಹನ್ನೊಂದು ಕೈಗಳು ಹನ್ನೊಂದು ಕಿವಿಗಳಿಗೆ ಹೋದವು. ಎಲ್ಲ ಓಲೆಗಳೂ ತಣ್ಣಗಿದ್ದವು.

"ತಣ್ಣಗೈತಿ," ಎಂದಳು ದ್ಯಾಮವ್ವ. "ಮುಂಜಾನೆನೂ ತಣ್ಣಗ ಇತ್ತಲ್ಲ."

ಒಬ್ಬೊಬ್ಬರೇ ಎದ್ದು ಹೋದರು. ಮೂವತ್ತು ವರ್ಷ ಒಂದೇ ರಾಶಿಯ ಮುಂದೆ ಕುಳಿತವರು. ಓಲೆಯಿಲ್ಲದ ನಮ್ಮ ಈ ಕಾಲವಾಗಿದ್ದರೆ, ಹೋಗುವ ಮುನ್ನ ಅವಳ ಮುಖವನ್ನಾದರೂ ಒಮ್ಮೆ ನೋಡುತ್ತಿದ್ದರು.