ದಿಮ್ಮಿಯ ಮೇಲಿನ ಅಣಬೆ

ಸೋಮವಾರ ಬೆಳಿಗ್ಗೆ ಹತ್ತೂವರೆಗೆ ಠಾಣೆಗೆ ಬಂದ ಹೆಂಗಸು, ಕುರ್ಚಿ ತೋರಿಸಿದರೂ ಕೂರಲಿಲ್ಲ. ಕಾಡಿನ ಕಾವಲುಗಾರನ ಹೆಂಡತಿ ಆಕೆ. ಗಂಡ ಶುಕ್ರವಾರ ಸಂಜೆ ಮುರಿದು ಬಿದ್ದ ಒಣಮರದ ದಿಮ್ಮಿಯ ಅಡಿಯಲ್ಲಿ ಸತ್ತು ಸಿಕ್ಕಿದ್ದ. ಅಸಹಜ ಸಾವೆಂದು ಪ್ರಕರಣ ದಾಖಲಾಗಿ, ಪಂಚನಾಮೆಯೂ ಮುಗಿದು, ಕಡತ ಮುಚ್ಚುವುದೊಂದೇ ಬಾಕಿಯಿತ್ತು.

"ಅಜಾಗರೂಕತೆಯಿಂದ ಸತ್ತ ಅಂತ ಬರೆದಿದ್ದೀರಲ್ಲ ಸಾಹೇಬ್ರೆ, ಯಾರು ಅಜಾಗರೂಕ? ಒಣಮರದ ಕೆಳಗೆ ನಿಲ್ಲಬೇಡಿ ಅಂತ ಕಂಡಕಂಡವರಿಗೆಲ್ಲ ಬೈದು ಹೇಳ್ತಿದ್ದವರು ಅವರು. ಅವತ್ತು ಎಲೆ ಅಲ್ಲಾಡೋಷ್ಟೂ ಗಾಳಿ ಇರಲಿಲ್ಲ. ಈಗ ಅವರ ಸಾವನ್ನೇ ನೆಪ ಮಾಡ್ಕೊಂಡು, ನಿಂತಿರೋ ಒಣಮರ ಎಲ್ಲ ಗುರುವಾರದಿಂದ ಕಡೀಬೇಕು ಅಂತ ಅರಣ್ಯ ಕಚೇರಿಯಿಂದ ಆದೇಶ ಬಂದಿದೆಯಂತೆ. ಜೀವಮಾನ ಎಲ್ಲ ಅವರು ಕಾವಲು ಕಾದದ್ದು ಆ ಮರಗಳನ್ನೇ!"

"ಸತ್ತ ಮರ ಕಡಿದರೆ ನಿಮಗೇನಮ್ಮ ನಷ್ಟ?" ಎಂದು ಹೆಡ್ ಕಾನ್‌ಸ್ಟೇಬಲ್ ನಕ್ಕ.

"ಆ ಸತ್ತ ಮರದಿಂದ ಸಾವಿರ ಹುಳ ಬದುಕ್ತವೆ ಕಣಣ್ಣ. ನಿಮ್ಮಿಂದ ಯಾರು ಬದುಕ್ತಾರೆ?"

ಇನ್ಸ್‌ಪೆಕ್ಟರರಿಗೆ ನಗು ಬರಲಿಲ್ಲ. ಶವಪರೀಕ್ಷೆಯ ವರದಿ ಆಗಷ್ಟೇ ಅವರ ಮೇಜಿಗೆ ಬಂದಿತ್ತು. ತಲೆಯ ಹಿಂಭಾಗ ಒಡೆದದ್ದು ಗಟ್ಟಿಯಾದ, ಸಪೂರವಾದ ವಸ್ತುವಿನಿಂದ. ಎದೆ ಜಜ್ಜಿದ್ದು ಸತ್ತ ಮೇಲೆ. ಎರಡು ಸಾಲು ಓದಿದವರೇ ಅವರು ಹೆಡ್ ಕಾನ್‌ಸ್ಟೇಬಲ್ ಕಡೆಗೆ ತಿರುಗಿದರು.

"ಪಂಚನಾಮೆ ಬರೆದವರು ನೀವೇ ತಾನೆ? ಆ ದಿಮ್ಮಿ ನೋಡಿದ್ರಾ?"

"ನೋಡಿದೆ ಸಾರ್."

"ಮುಟ್ಟಿದ್ರಾ?"

"ಇಲ್ಲ ಸಾರ್."

"ಜೀಪು ತೆಗೀರಿ. ಅಕ್ಕ, ನೀವೂ ಬನ್ನಿ."

ದಿಮ್ಮಿಯಿನ್ನೂ ಸ್ಥಳದಲ್ಲೇ ಬಿದ್ದಿತ್ತು, ಮುರಿದ ಮೋಟು ಮರವೊಂದರ ಬುಡಕ್ಕೆ ಒತ್ತಿಕೊಂಡು. ಅದರ ತುದಿ ಒರಟೊರಟಾಗಿ ಸಿಗಿದುಕೊಂಡಿತ್ತು; ಗರಗಸದ ಗುರುತು ಎಲ್ಲಿಯೂ ಇರಲಿಲ್ಲ. ಹೆಣವನ್ನು ಮೊದಲು ಕಂಡವನು ಮರ ಕಡಿಯುವ ತಂಡದ ಮೇಸ್ತ್ರಿ. ನಿಂತಿದ್ದ ಒಣಮರ ಮುರಿದು ಬಿದ್ದಿದೆಯೆಂದು ಹೇಳಿಕೆ ಕೊಟ್ಟಿದ್ದವನೂ ಅವನೇ.

ಇನ್ಸ್‌ಪೆಕ್ಟರ್ ಹೆಬ್ಬೆರಳನ್ನು ದಿಮ್ಮಿಗೆ ಒತ್ತಿದರು. ಬೆರಳು ಗೆಣ್ಣಿನವರೆಗೆ ಒಳಗಿಳಿಯಿತು.

"ಇದು ತಲೆಬುರುಡೆ ಒಡೆಯುತ್ತೇನ್ರೀ? ನೆನೆದ ರಟ್ಟಿನ ಹಾಗಿದೆ!"

ಅವರು ದಿಮ್ಮಿಯ ಸುತ್ತ ಒಂದು ಸುತ್ತು ಬಂದರು. ಅದರ ಮೈತುಂಬ ಮರದಷ್ಟೇ ಗಡುಸಾದ ಅಣಬೆಗಳು ತಟ್ಟೆ ತಟ್ಟೆಯಾಗಿ ಬೆಳೆದಿದ್ದವು. ಪಕ್ಕದಲ್ಲಿ ನಿಂತೇ ಒಣಗಿದ್ದ ಇನ್ನೊಂದು ಮರದ ಮೇಲೂ ಅದೇ ಜಾತಿಯ ಅಣಬೆಗಳಿದ್ದವು. ಆ ಮರದಲ್ಲಿ ಅವು ಕಾಂಡಕ್ಕೆ ಅಡ್ಡವಾಗಿ, ಏಣಿಯ ಮೆಟ್ಟಿಲಿನಂತೆ ಒಂದರ ಮೇಲೊಂದು ಚಾಚಿಕೊಂಡಿದ್ದರೆ, ಈ ದಿಮ್ಮಿಯಲ್ಲಿ ಕಾಂಡದ ಉದ್ದಕ್ಕೇ, ಗೋಡೆಗೆ ಹೊಡೆದ ಹಲಗೆಯಂತೆ ಸಾಲುಗಟ್ಟಿದ್ದವು.

"ಅಕ್ಕ, ಇದು ಯಾಕೆ ಹೀಗೆ?"

"ಅಣಬೆ ಯಾವಾಗಲೂ ನೆಲಕ್ಕೆ ಸಮನಾಗೇ ಚಾಚೋದು ಸಾಹೇಬ್ರೆ, ಅವರು ತೋರಿಸ್ತಿದ್ರು. ಮರ ನಿಂತಿದ್ರೆ ಅಡ್ಡಕ್ಕೆ, ಮಲಗಿದ್ರೆ ಉದ್ದಕ್ಕೆ." ಹೇಳುತ್ತಿದ್ದಂತೆಯೇ ಆಕೆ ದಿಮ್ಮಿಯತ್ತ ಬಗ್ಗಿದಳು. "ಅಂದ್ರೆ... ಇದು ಮಲಗಿದ್ದೇ ವರ್ಷಗಟ್ಟಲೆ ಆಗಿದೆ. ಇವತ್ತು ನಿನ್ನೆ ಬಿದ್ದದ್ದಲ್ಲ. ಯಾರೋ ತಂದು ಹಾಕಿದ್ದಾರೆ!"

ಎಲ್ಲಿಂದ ತಂದದ್ದೆಂದು ಹುಡುಕಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಕಲ್ಲೆಸೆತದ ದೂರದಲ್ಲಿ ತರಗೆಲೆ ಬೇಕೆಂದೇ ಹರಡಿದಂತಿತ್ತು. ಅದನ್ನು ಸರಿಸಿದಾಗ ದಿಮ್ಮಿಯಷ್ಟೇ ಉದ್ದದ, ತೊಟ್ಟಿಲಿನಂಥ ತಗ್ಗು ಕಾಣಿಸಿತು. ಅದರ ತುಂಬ ಕಾಫಿಪುಡಿಯ ಬಣ್ಣದ ಮರದ ಹುಡಿ, ಹುಡಿಯೊಳಗೆ ಹೆಣೆದುಕೊಂಡ ಅಣಬೆಯ ಬಿಳಿ ನೂಲು, ಬೆಳಕಿಗೆ ಬೆದರಿ ಮುದುಡಿದ ದುಂಬಿಯ ಮರಿಹುಳುಗಳು. ಕೊಳೆಯುತ್ತ ಕೊಳೆಯುತ್ತ ಅರ್ಧ ಮಣ್ಣೇ ಆಗಿದ್ದ ಮರವನ್ನು ಅದರ ಹಾಸಿಗೆಯಿಂದ ಕಿತ್ತು ಒಯ್ದಿದ್ದರು. ಅದರ ಮೇಲೆ ಹುಟ್ಟಿದ್ದ ಎಳೆಯ ಸಸಿಯೊಂದರ ಬೇರು ಹರಿದು ತಗ್ಗಿನಲ್ಲೇ ಉಳಿದಿತ್ತು.

ಸಂಜೆ ಐದಕ್ಕೆ ಕೊಲೆ ಪ್ರಕರಣವೆಂದು ಎಫ್‌ಐಆರ್ ದಾಖಲಾಯಿತು. ಹೊಸ ಪಂಚನಾಮೆಯನ್ನು ಇನ್ಸ್‌ಪೆಕ್ಟರ್ ತಾವೇ ಬರೆದರು. ಮಂಗಳವಾರ ತಂಡದ ಶೆಡ್ಡಿನಲ್ಲಿ, ದಿಮ್ಮಿ ಎತ್ತುವ ಅಗಲವಾದ ಪಟ್ಟಿಯ ಮಡಿಕೆಯೊಳಗೆ ಅದೇ ಹುಡಿ ಸಿಕ್ಕಿತು. ಜೊತೆಗೊಂದು ಅಣಬೆಯ ಚೂರು; ದಿಮ್ಮಿಯ ಮೇಲೆ ಮುರಿದಿದ್ದ ಅಣಬೆಗೆ ಇಟ್ಟು ನೋಡಿದರೆ ಅಂಚಿಗೆ ಅಂಚು ಕೂಡಿತು.

ಮೇಸ್ತ್ರಿಯನ್ನು ಠಾಣೆಗೆ ಕರೆಸಿದರು. ತೋಳಿನಲ್ಲಿ ಕಸುವಿದ್ದ, ಮಾತಿನಲ್ಲಿ ಜಿಪುಣನಾದ ಮನುಷ್ಯ.

"ಆ ಮರ ನಿಂತಿದ್ದದ್ದು ನೋಡಿದ್ದೀಯ?"

"ಕಣ್ಣಾರೆ."

"ಸರಪಳಿ ಬಿಟ್ಟು ಪಟ್ಟಿ ಯಾಕೆ ಹಾಕಿದೆ?"

"ಯಾವ ಪಟ್ಟಿ?"

"ಸರಪಳಿ ಹಾಕಿದರೆ ಗುರುತು ಉಳಿಯುತ್ತೆ. ನಿಂತ ಮರ ಕಡಿದರೆ ಗರಗಸದ ಗುರುತು ಉಳಿಯುತ್ತೆ. ಅದಕ್ಕೇ ತಾನಾಗಿ ಮುರಿದ ತುದಿ ಇರೋದನ್ನೇ ಹುಡುಕಿದೆ. ಕಸುಬುದಾರ ನೀನು, ತುದಿ ನೋಡಿದೆ. ಮೈ ನೋಡಲಿಲ್ಲ." ಇನ್ಸ್‌ಪೆಕ್ಟರ್ ಅಣಬೆಯ ಚೂರನ್ನು ಮೇಜಿನ ಮೇಲೆ ಕುಕ್ಕಿದರು. "ಯಾವುದರಿಂದ ಹೊಡೆದೆ?"

ಮೇಸ್ತ್ರಿ ಆ ಚೂರನ್ನು ಆಚೆ ತಳ್ಳಿದ. "ಹಾರೆ. ಆದರೆ ದಿಮ್ಮಿ ಹುಡುಕಲಿಲ್ಲ ಸ್ವಾಮಿ. ಅದೇ ಬೇಕಾಗಿತ್ತು."

"ಅಂದ್ರೆ?"

"ನನ್ನ ತಮ್ಮನ ಮೇಲೆ ಬಿದ್ದ ಮರ ಅದು. ಒಣಗಿದೆ, ಕಡೀತೀವಿ ಅಂತ ಅವತ್ತೇ ಕೇಳಿದ್ವಿ. ಇವನು ಬಿಡಲಿಲ್ಲ. ತಮ್ಮ ಅದರಡಿ ಸತ್ತ. ಸತ್ತ ಮೇಲಾದ್ರೂ ಸುಟ್ಟು ಹಾಕ್ತೀನಿ ಅಂದೆ. ಅದಕ್ಕೂ ಬಿಡಲಿಲ್ಲ. ತಮ್ಮ ಮಣ್ಣಾಗಿ ಹೋದ. ಅದು ಮಾತ್ರ ವರ್ಷವರ್ಷ ಹಸಿರಾಗ್ತಾ ಬಂತು. ಹುಳ ಬಂತು, ಅಣಬೆ ಬಂತು, ಸಸಿ ಹುಟ್ಟಿತು. ಶುಕ್ರವಾರ ಮತ್ತೆ ಕೇಳಿದೆ. 'ಅದರಲ್ಲೀಗ ನೂರು ಜೀವ ಇದೆ ಕಣಯ್ಯ' ಅಂದು ಬೆನ್ನು ತಿರುಗಿಸಿದ." ಅವನು ಮೇಜಿಗೆ ಗುದ್ದಿದ. "ನೂರು ಜೀವ! ನನ್ನ ತಮ್ಮಂದು ಒಂದೇ ಜೀವ ಇದ್ದದ್ದು."

ಹೇಳಿಕೆಗೆ ಸಹಿ ಹಾಕಲು ಬಂದಿದ್ದ ಕಾವಲುಗಾರನ ಹೆಂಡತಿ ಬಾಗಿಲಲ್ಲೇ ನಿಂತಿದ್ದಳು.

"ನಮ್ಮ ಮನೆಯವರದ್ದೂ ಒಂದೇ ಇದ್ದದ್ದು ಕಣೋ" ಎಂದಳು.

ಮೇಸ್ತ್ರಿಯನ್ನು ಬಂಧಿಸಿರುವುದಾಗಿಯೂ, ಒಣಮರದಿಂದ ಯಾರೂ ಸತ್ತಿಲ್ಲವಾದ್ದರಿಂದ ಕಡಿಯುವ ಆದೇಶಕ್ಕೆ ಆಧಾರವಿಲ್ಲವೆಂದೂ ಇನ್ಸ್‌ಪೆಕ್ಟರ್ ಬುಧವಾರ ಬೆಳಿಗ್ಗೆ ಅರಣ್ಯ ಕಚೇರಿಗೆ ಬರೆದರು. ಬರೆದು ಮುಗಿಸಿದವರ ಪೆನ್ನು ಅಲ್ಲೇ ನಿಂತಿತು. ಒಣಮರದಿಂದ ಒಬ್ಬ ಸತ್ತಿದ್ದ. ಆ ಸಾಲನ್ನು ಹೊಡೆದುಹಾಕಿ, "ಈ ಪ್ರಕರಣದಲ್ಲಿ" ಎಂದು ಸೇರಿಸಿ ಮತ್ತೆ ಬರೆದರು.

ಆದೇಶ ರದ್ದಾಯಿತು. ದಿಮ್ಮಿ ಮಾತ್ರ ಸಾಕ್ಷ್ಯದ ಮುದ್ದಾಮಾಲಾಗಿ ಠಾಣೆಯ ಹಿತ್ತಲಿಗೆ ಬಂತು. ವಿಚಾರಣೆ ಮುಗಿಯುವ ಹೊತ್ತಿಗೆ ಹಳೆಯ ಅಣಬೆಗಳ ಅಂಚಿನಲ್ಲಿ ಹೊಸವು ಮೂಡಿದ್ದವು, ಅಲ್ಲಿನ ನೆಲಕ್ಕೆ ಸಮನಾಗಿ.