ತಪ್ಪು ಹಾಕಿದ ಸರಿ ಉತ್ತರ

"ಯಾರು ಅನ್ನೋದಕ್ಕೆ ಒಂದು ಗೆರೆ, ಅದು ಸಬ್ಜೆಕ್ಟ್. ಏನು ಮಾಡ್ತಾರೆ ಅನ್ನೋದಕ್ಕೆ ಎರಡು ಗೆರೆ, ಅದು ವರ್ಬ್. ಅಷ್ಟೇ ಸಿಸ್ಟರ್," ಎಂದ ಪ್ರೂಫ್ ರೀಡರ್.

"ಸಿಸ್ಟರ್ ಅನ್ನೋದು ವಾರ್ಡಲ್ಲೇ ಸಾಕು," ಎಂದಳು ನರ್ಸ್, ತಲೆಯೆತ್ತದೆ. ಅವನ ಕಿವಿ ಕೆಂಪಾಯಿತು.

ದೂರದೂರಿನ ದೊಡ್ಡಾಸ್ಪತ್ರೆ ಸೇರಲು ಅವಳು ಇಂಗ್ಲಿಷ್ ಪರೀಕ್ಷೆ ಪಾಸಾಗಬೇಕಿತ್ತು. ಎರಡು ಸಲ ಡುಮ್ಕಿ ಹೊಡೆದಿದ್ದಳು. ಅವಳ ವಾರ್ಡಿನಲ್ಲೇ ನರ್ಸಾಗಿದ್ದ ಅವನ ಅಕ್ಕ, "ನನ್ನ ತಮ್ಮ ಹೇಳಿಕೊಡ್ತಾನೆ" ಎಂದು ಕಳಿಸಿದ್ದಳು. ಬೆಳಗಿನ ಪಾಳಿ ಮುಗಿಸಿ ದಿನಾ ಪ್ರೆಸ್ಸಿನ ಮುಂಗೋಣೆಗೆ ಬರುತ್ತಿದ್ದಳು.

'ಒನ್ ಆಫ್ ದ ನರ್ಸಸ್ ಈಸ್ ಆಬ್ಸೆಂಟ್.' ಅವಳ ಗೆರೆ ಪ್ರತಿ ಸಲವೂ 'ನರ್ಸಸ್' ಕೆಳಗೇ ಬೀಳುತ್ತಿತ್ತು.

"ವರ್ಬ್ ಪಕ್ಕ ಕೂತವರೆಲ್ಲ ಸಬ್ಜೆಕ್ಟ್ ಅಲ್ಲ. ಬರದೇ ಇರೋದು ಒಬ್ಬಳು ಮಾತ್ರ."

"ಆ ಒಬ್ಬಳು ನಾನಲ್ಲ ಬಿಡಿ. ಒಂದು ದಿನಾನೂ ತಪ್ಪಿಸಿಲ್ಲ," ಎಂದು ಓರೆಗಣ್ಣಲ್ಲಿ ನೋಡಿದಳು.

ಮೂರು ತಿಂಗಳಿಗೆ ಇಪ್ಪತ್ತು ವಾಕ್ಯಗಳ ಟೆಸ್ಟ್ ಕೊಟ್ಟ. ಹತ್ತೊಂಬತ್ತು ಸರಿ. ಇವಳು ಪಾಸಾಗುತ್ತಾಳೆ, ಹೋಗಿಬಿಡುತ್ತಾಳೆ ಎನ್ನಿಸಿತು ಅವನಿಗೆ. ಆರು ಸರಿ ಉತ್ತರಗಳಿಗೆ ಕೆಂಪು ಶಾಯಿಯಲ್ಲಿ ತಪ್ಪು ಹಾಕಿದ.

ಮೂರು ದಿನ ಅವಳ ಸುಳಿವಿಲ್ಲ. ನಾಲ್ಕನೆಯ ದಿನ ಬಂದವಳ ಕಣ್ಣು ಊದಿತ್ತು. "ಅರ್ಜಿ ವಾಪಸ್ ತಗೋತೀನಿ ಸರ್. ನನ್ನ ತಲೆಗೆ ಹತ್ತಲ್ಲ."

ಇಪ್ಪತ್ತು ವರ್ಷ ಕಂಡವರ ತಪ್ಪು ತಿದ್ದಿಯೇ ಬದುಕಿದವನಿಗೆ ತಡೆಯಲಾಗಲಿಲ್ಲ. "ಆ ಆರೂ ಸರಿಯಾಗೇ ಇದ್ವು. ಬೇಕಂತಲೇ ತಪ್ಪು ಹಾಕಿದೆ."

"ಯಾಕೆ?"

"ಪಾಸಾದ್ರೆ ಹೋಗ್ಬಿಡ್ತೀರಿ."

ಅವಳು ಟೆಸ್ಟ್ ಪೇಪರನ್ನು ಮೇಜಿನ ಮೇಲೆ ಕುಕ್ಕಿದಳು. "ನಾನು ದಡ್ಡಿ ಅಂತ ಮೂರು ದಿನ ಅತ್ತಿದ್ದೀನಿ. ಹೋಗ್ಬೇಡ ಅನ್ನೋಕೆ ನಿಮಗೆ ಬಾಯಿರಲಿಲ್ವಾ?"

"ಅನ್ನೋ ಹಕ್ಕು ನನಗೆಲ್ಲಿತ್ತು?"

"ತಪ್ಪು ಹಾಕೋ ಹಕ್ಕು ಇತ್ತಾ?"

ಪೇಪರ್ ಎತ್ತಿಕೊಂಡು ಹೋದವಳು ಪಾಠಕ್ಕೆ ಮತ್ತೆ ಬರಲಿಲ್ಲ. ಅವನು ದಿನಕ್ಕಿಪ್ಪತ್ತು ವಾಕ್ಯ ಬರೆದು ಅಕ್ಕನ ಕೈಲಿ ಕಳಿಸಿದ. ಸಂಜೆ ಅವು ಗೆರೆ ಎಳೆಸಿಕೊಂಡು ಮರಳುತ್ತಿದ್ದವು, ಜೊತೆಗೆ ಒಂದಕ್ಷರವೂ ಇಲ್ಲದೆ. ಅವನು ಪ್ರಾಮಾಣಿಕವಾಗಿ ತಿದ್ದಿದ.

ಫಲಿತಾಂಶ ಬಂದ ಮಧ್ಯಾಹ್ನ ಅವಳೇ ಬಾಗಿಲಲ್ಲಿ ನಿಂತಿದ್ದಳು.

"ಪಾಸು. ಕೋಪ ಇನ್ನೂ ಇಳಿದಿಲ್ಲ."

"ಇಳಿಯೋವರೆಗೂ ಕಾಯ್ತೀನಿ."

"ಇಲ್ಲಿ ಕೂತು ಕಾದ್ರೆ ಹೇಗೆ?" ಫಲಿತಾಂಶದ ಜೊತೆಗೇ ಬಂದ ನೇಮಕದ ಪತ್ರವನ್ನು ಅವನ ಮುಂದಿಟ್ಟಳು. "ಎರಡು ರೂಮಿನ ಕ್ವಾರ್ಟರ್ಸ್ ಅಂತೆ. ಆ ಊರಲ್ಲೂ ಪ್ರೆಸ್ ಇದೆಯಂತೆ, ವಿಚಾರಿಸಿದೆ."

ಅವನು ಪತ್ರ ಕೈಗೆತ್ತಿಕೊಂಡ. "ಯಾವತ್ತು ಹೊರಡೋದು?"

"ಒಂದನೇ ತಾರೀಖು. ಅಕ್ಕಂಗೆ ನೀವೇ ಹೇಳಿ. ನನಗೆ ನಾಚಿಕೆ."